ಒರೆಗಾನ್ ಕರಾವಳಿಯಲ್ಲಿ ಆರ್‌ವಿ ಪ್ರವಾಸ: ಒಂದು ದಿನದ ಚಾರಣಕ್ಕೆ ಯಾವ ಭೂಶಿರವನ್ನು ಆರಿಸಬೇಕು?

ಅಮೆರಿಕದ ಒರೆಗಾನ್ ರಾಜ್ಯದ ಪೆಸಿಫಿಕ್ ಕರಾವಳಿ 363 ಮೈಲಿ ಉದ್ದವಿದೆ. 101ನೇ ಹೆದ್ದಾರಿ ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬಹಳಷ್ಟು ಕಡೆ ಕಡಲು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲೇ ಸಾಗುತ್ತದೆ. ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್ ಮತ್ತು ಹಿಲ್ಸ್‌ಬರೊಗಳಲ್ಲಿ, ಉತ್ತರಕ್ಕೆ ಸಿಯಾಟಲ್ ಸುತ್ತಮುತ್ತ, ದಕ್ಷಿಣಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆ ರಜೆಯಲ್ಲಿ, ಅದರಲ್ಲೂ ಊರಿನಿಂದ ಅಪ್ಪ ಅಮ್ಮ ಬಂದಿರುವ ತಿಂಗಳುಗಳಲ್ಲಿ, ಆರ್‌ವಿ, ಅಂದರೆ ಒಳಗೇ ವಾಸಿಸುವ ವ್ಯವಸ್ಥೆಯಿರುವ ಪ್ರವಾಸದ ಗಾಡಿ, ಬಾಡಿಗೆಗೆ ಪಡೆದು ಹೊರಡಲು ಇದಕ್ಕಿಂತ ಒಳ್ಳೆಯ ರಸ್ತೆ ಸಿಗುವುದು ಕಷ್ಟ. ಅಡುಗೆಮನೆ, ಶೌಚಾಲಯ, ಹಾಸಿಗೆ ಎಲ್ಲವೂ ಜೊತೆಯಲ್ಲೇ ಇರುವುದರಿಂದ ಹಿರಿಯರಿಗೂ ಮಕ್ಕಳಿಗೂ ಅನುಕೂಲ. ಇಂಥ ಪ್ರವಾಸದ ನಡುವೆ ಒಂದು ದಿನವನ್ನು ಪೂರ್ತಿ ಕಾಲ್ನಡಿಗೆಗೆ ಮೀಸಲಿಡಬೇಕೆನ್ನುವವರಿಗೆ ಆಯ್ಕೆಗಳು ಹೇರಳವಾಗಿವೆ. ಗೊಂದಲ ಹುಟ್ಟುವುದೂ ಅದರಿಂದಲೇ.

ಚಾರಣದ ದಾರಿಗಳನ್ನು ಪರಿಚಯಿಸುವ ಬರಹಗಳಲ್ಲಿ ಹೆಚ್ಚಿನವು ಕಾರಿನಲ್ಲಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡವು. ಕಾರಿನವರಿಗೆ ಯಾವ ದಾರಿ ಚೆಲುವಾಗಿದೆ ಎಂಬುದೊಂದೇ ಪ್ರಶ್ನೆ. ಇಪ್ಪತ್ತೈದು, ಮೂವತ್ತು ಅಡಿ ಉದ್ದದ ಗಾಡಿಯನ್ನು ಓಡಿಸಿಕೊಂಡು ಬಂದವರಿಗೆ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ನಡೆಯುವಷ್ಟು ಹೊತ್ತು ಈ ಗಾಡಿ ಎಲ್ಲಿ ನಿಲ್ಲಬೇಕು? ಒರೆಗಾನ್ ಕರಾವಳಿಯ ಪ್ರಸಿದ್ಧ ಕಾಲುದಾರಿಗಳ ಬುಡದಲ್ಲಿರುವ ಪಾರ್ಕಿಂಗ್ ಜಾಗಗಳು ಬಹುಪಾಲು ಚಿಕ್ಕವು. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಅವು ಬೆಳಿಗ್ಗೆಯೇ ತುಂಬುತ್ತವೆ, ಮತ್ತು ತುಂಬಿದ ಮೇಲೆ ಒಳಹೊಕ್ಕ ಉದ್ದ ಗಾಡಿಯನ್ನು ತಿರುಗಿಸಿ ಹೊರತರುವುದು ದೊಡ್ಡ ಪೀಕಲಾಟ. ಆದ್ದರಿಂದ ನನ್ನ ಸಲಹೆ ಇಷ್ಟೇ: ಕಾಲುದಾರಿಯನ್ನು ಆರಿಸಿ ಆಮೇಲೆ ಕ್ಯಾಂಪ್‌ಗ್ರೌಂಡ್ (ಗಾಡಿ ನಿಲ್ಲಿಸಿ ರಾತ್ರಿ ತಂಗುವ ಜಾಗ) ಹುಡುಕಬೇಡಿ; ತಂಗುವ ಸೈಟಿನ ಬಾಗಿಲಿನಿಂದಲೇ ಕಾಲುದಾರಿ ಹೊರಡುವಂಥ ಕ್ಯಾಂಪ್‌ಗ್ರೌಂಡನ್ನು ಮೊದಲು ಆರಿಸಿರಿ. ಆ ದಿನ ಗಾಡಿಯ ಕೀಲಿಯನ್ನು ಮುಟ್ಟುವ ಅಗತ್ಯವೇ ಬೀಳಬಾರದು. ಈ ಅಳತೆಗೋಲಿನಿಂದ ನೋಡಿದಾಗ ಹೆಸರುವಾಸಿಯಾದ ಕೆಲವು ದಾರಿಗಳು ಹಿಂದೆ ಸರಿಯುತ್ತವೆ, ಅಷ್ಟಾಗಿ ಹೆಸರು ಕೇಳದ ಒಂದೆರಡು ಮುಂದೆ ಬರುತ್ತವೆ.

ಎರಡು ರಾತ್ರಿಯ ಲೆಕ್ಕ

ದಾರಿಗಳ ಮಾತಿಗೆ ಮೊದಲು ಬುಕಿಂಗ್ ವಿಷಯ ಹೇಳಬೇಕು, ಏಕೆಂದರೆ ಆಯ್ಕೆಯ ಅರ್ಧಭಾಗ ಅಲ್ಲಿಯೇ ತೀರ್ಮಾನವಾಗುತ್ತದೆ. ಒರೆಗಾನ್‌ನ ರಾಜ್ಯ ಉದ್ಯಾನಗಳಲ್ಲಿ ಸೈಟನ್ನು ಆರು ತಿಂಗಳು ಮುಂಚಿತವಾಗಿ ಕಾದಿರಿಸಬಹುದು. ಜುಲೈ, ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ ವಿದ್ಯುತ್ ಮತ್ತು ನೀರಿನ ಹುಕಪ್ (ಗಾಡಿಗೆ ಜೋಡಿಸಿಕೊಳ್ಳುವ ಸಂಪರ್ಕ) ಇರುವ ಸೈಟು ಬೇಕಾದರೆ ಅಷ್ಟು ಮುಂಚೆಯೇ ಕಾದಿರಿಸುವುದು ಒಳ್ಳೆಯದು. ಬೇರೆ ರಾಜ್ಯದಲ್ಲಿ ನೆಲೆಸಿರುವವರ ಆರ್‌ವಿಗಳಿಗೆ ಬಾಡಿಗೆ ಒರೆಗಾನ್‌ನವರಿಗಿಂತ ಹೆಚ್ಚು. ಸೈಟಿನ ವಿವರದಲ್ಲಿ ಕೊಟ್ಟಿರುವ ಉದ್ದದ ಮಿತಿಯನ್ನು ನಿಮ್ಮ ಗಾಡಿಯ ಬಂಪರ್‌ನಿಂದ ಬಂಪರ್‌ವರೆಗಿನ ಉದ್ದದೊಂದಿಗೆ, ಟ್ರೇಲರ್ ಇದ್ದರೆ ಎಳೆಯುವ ವಾಹನವನ್ನೂ ಸೇರಿಸಿ, ತಾಳೆ ನೋಡಬೇಕು.

ಸಂಜೆ 4 ಗಂಟೆಯ ನಂತರ ಸೈಟಿಗೆ ಪ್ರವೇಶ, ಮಧ್ಯಾಹ್ನ 1 ಗಂಟೆಯೊಳಗೆ ನಿರ್ಗಮನ ಎಂಬ ನಿಯಮದ ಪರಿಣಾಮವನ್ನು ಹಲವರು ಗಮನಿಸುವುದಿಲ್ಲ. ಒಂದೇ ರಾತ್ರಿಗೆ ಕಾದಿರಿಸಿದರೆ, ತಲುಪಿದ ದಿನ ನಡೆಯಲು ಹೊತ್ತಿರುವುದಿಲ್ಲ. ಮರುದಿನ ನಡೆದು ಬಂದು ಕೊಳಚೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಪಾತ್ರೆ ಪರಡಿಗಳನ್ನು ಭದ್ರಪಡಿಸಿ, 1 ಗಂಟೆಗೆ ಹೊರಡುವುದು ಆಗದ ಮಾತು. ಎರಡು ರಾತ್ರಿ ಕಾದಿರಿಸಿದರೆ ನಡುವಿನ ಹಗಲು ಸಂಪೂರ್ಣವಾಗಿ ನಿಮ್ಮದಾಗುತ್ತದೆ. ಕರಾವಳಿಯುದ್ದಕ್ಕೂ ದಿನಕ್ಕೊಂದು ಊರಿನಂತೆ ಓಡುವ ಯೋಜನೆಯಲ್ಲಿ ಒಂದು ಊರನ್ನು ಕೈಬಿಟ್ಟು, ಚಾರಣದ ಜಾಗದಲ್ಲಿ ಎರಡು ರಾತ್ರಿ ನಿಲ್ಲುವುದೇ ಸರಿಯೆಂದು ನಾನು ದೃಢವಾಗಿ ನಂಬುತ್ತೇನೆ. ಗಾಡಿಯಲ್ಲಿ ಎಲ್ಲರಿಗೂ ಮಲಗಲು ಜಾಗ ಸಾಲದಿದ್ದರೆ, ಇಲ್ಲಿನ ಹಲವು ಕರಾವಳಿ ಉದ್ಯಾನಗಳಲ್ಲಿ ಯರ್ಟ್ ಎಂಬ ದುಂಡನೆಯ, ಬೆಚ್ಚಗಿನ ಗುಡಾರಮನೆಗಳೂ ಬಾಡಿಗೆಗೆ ಸಿಗುತ್ತವೆ. ಹಿರಿಯರಿಗೆ ಅದು ಆರ್‌ವಿಯ ಮೇಲಿನ ಹಾಸಿಗೆಗಿಂತ ಎಷ್ಟೋ ವಾಸಿ.

ಸನ್‌ಸೆಟ್ ಬೇಯಿಂದ ಕೇಪ್ ಅರಾಗೊ

ಮೊದಲ ಬಾರಿಗೆ ಹೋಗುವವರಿಗೆ, ಬೇರೆ ಬೇರೆ ವಯಸ್ಸಿನವರು ಜೊತೆಗಿರುವ ಕುಟುಂಬಕ್ಕೆ, ನಾನು ಹೇಳುವ ದಾರಿ ಇದು. ಕೂಸ್ ಬೇ ಪಟ್ಟಣದಿಂದ ನೈರುತ್ಯಕ್ಕೆ ಸುಮಾರು 12 ಮೈಲಿ ದೂರದಲ್ಲಿರುವ ಸನ್‌ಸೆಟ್ ಬೇ ರಾಜ್ಯ ಉದ್ಯಾನ, ಎರಡು ಕಡೆಯಿಂದಲೂ ಬಂಡೆಗೋಡೆಗಳು ಚಾಚಿಕೊಂಡು ಬಾಯಿ ಕಿರಿದಾದ ಒಂದು ಸಣ್ಣ ಕೊಲ್ಲಿಯ ದಂಡೆಯಲ್ಲಿದೆ. ಬಾಯಿ ಕಿರಿದಾಗಿರುವುದರಿಂದ ಹೊರಗಿನ ದೊಡ್ಡ ಅಲೆಗಳು ಒಳಬರುವಷ್ಟರಲ್ಲಿ ಸೌಮ್ಯವಾಗುತ್ತವೆ. ಕ್ಯಾಂಪ್‌ಗ್ರೌಂಡ್ ರಸ್ತೆಯ ಆಚೆ ಮರಗಳ ನಡುವೆ ಇದೆ; ಹುಕಪ್ ಇರುವ ಸೈಟುಗಳೂ ಇವೆ. ಗಾಡಿಯನ್ನು ಅಲ್ಲಿ ನಿಲ್ಲಿಸಿ, ಕೊಲ್ಲಿಯ ದಕ್ಷಿಣ ತುದಿಯಿಂದ ಹತ್ತುವ ಕಾಲುದಾರಿ ಹಿಡಿದರೆ ಶೋರ್ ಏಕರ್ಸ್ ಉದ್ಯಾನದ ಮೂಲಕ ಕೇಪ್ ಅರಾಗೊ ಭೂಶಿರದವರೆಗೆ, ಒಂದು ಬದಿಗೆ ಸುಮಾರು ನಾಲ್ಕು ಮೈಲಿ, ಕಡಲ ಅಂಚಿನಲ್ಲಿಯೇ ನಡೆಯಬಹುದು.

ಈ ದಾರಿಯ ವಿಶೇಷ ಅದರ ಕಲ್ಲುಗಳಲ್ಲಿದೆ. ಇಲ್ಲಿನ ಬಂಡೆಗೋಡೆಗಳು ಮರಳುಗಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ಪದರ ಪದರವಾಗಿ ಶೇಖರವಾದ ಕೆಸರು ಮತ್ತು ಮರಳು ಗಟ್ಟಿಯಾಗಿ, ಭೂಮಿಯ ಒತ್ತಡಕ್ಕೆ ಸಿಕ್ಕಿ ಓರೆಯಾಗಿ ಎದ್ದು ನಿಂತಿವೆ. ಅಲೆಗಳು ಮೃದುವಾದ ಪದರವನ್ನು ಕೊರೆದು ಗಟ್ಟಿಯಾದುದನ್ನು ಬಿಟ್ಟುಹೋಗಿರುವುದರಿಂದ, ಮೇಲಿನಿಂದ ನೋಡುವಾಗ ಕಲ್ಲಿನ ಪಟ್ಟಿಗಳು ಒಂದರ ಪಕ್ಕ ಒಂದು ಸಮುದ್ರದೊಳಕ್ಕೆ ಇಳಿದುಹೋಗುವುದು ಕಾಣುತ್ತದೆ. ಶೋರ್ ಏಕರ್ಸ್ ಬಳಿಯ ಹಾಸುಬಂಡೆಗಳ ಮೇಲೆ ಉರುಟಾದ ಕಲ್ಲುಗುಂಡುಗಳು ಅರ್ಧ ಹೂತುಕೊಂಡಿವೆ. ಅವು ಬೇರೆಲ್ಲಿಂದಲೋ ಉರುಳಿ ಬಂದವಲ್ಲ. ಮರಳಿನ ನಡುವೆ ಖನಿಜಗಳು ಒಂದು ಬಿಂದುವಿನ ಸುತ್ತ ಗಟ್ಟಿಗೊಂಡು ಬೆಳೆದವು, ಸುತ್ತಲಿನ ಮೃದುಗಲ್ಲು ಸವೆದ ಮೇಲೆ ಹೊರಗೆ ಕಾಣಿಸಿಕೊಂಡವು. ಮಕ್ಕಳು ಇವನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಆದರೆ ಬೇಲಿಯ ಒಳಗಡೆ ನಿಂತೇ ನೋಡಬೇಕು, ಏಕೆಂದರೆ ಅಂಚಿನ ಮರಳುಗಲ್ಲು ಕಾಲಡಿಯಲ್ಲಿ ಪುಡಿಯಾಗುವಂಥದ್ದು, ಕೆಳಗೆ ಬಂಡೆಗೆ ಬಡಿಯುವ ಅಲೆಗಳು ಚಳಿಗಾಲದಲ್ಲಿ ಗೋಡೆಯ ನೆತ್ತಿಯನ್ನೂ ಮೀರಿ ಮೇಲೇಳುತ್ತವೆ.

ಶೋರ್ ಏಕರ್ಸ್ ಒಂದು ಕಾಲದಲ್ಲಿ ಮರದ ವ್ಯಾಪಾರದಿಂದ ಶ್ರೀಮಂತನಾದ ಲೂಯಿಸ್ ಸಿಂಪ್ಸನ್ ಎಂಬಾತನ ಎಸ್ಟೇಟ್ ಆಗಿತ್ತು. ಅವನ ಮೊದಲ ಬಂಗಲೆ 1921ರಲ್ಲಿ ಬೆಂಕಿಗೆ ಆಹುತಿಯಾಯಿತು. 1942ರಲ್ಲಿ ಈ ಜಾಗ ರಾಜ್ಯದ ವಶಕ್ಕೆ ಬಂದಿತು. ಬಂಗಲೆ ಈಗಿಲ್ಲ, ಆದರೆ ಅವನು ಮಾಡಿಸಿದ ತೋಟವನ್ನು ಉಳಿಸಿಕೊಂಡು ಬಂದಿದ್ದಾರೆ: ಅಚ್ಚುಕಟ್ಟಾದ ಹೂಪಾತಿಗಳು, ಗುಲಾಬಿ, ಡೇಲಿಯಾ, ಒಂದು ಕೊಳದ ಸುತ್ತ ಜಪಾನಿ ಶೈಲಿಯ ತೋಟ. ಕಾಡು ಮತ್ತು ಬಂಡೆಗಳ ನಡುವೆ ಇಂಥ ತೋಟ ಸಿಗುವುದು ಹಿರಿಯರಿರುವ ತಂಡಕ್ಕೆ ವರವೇ ಸರಿ. ಅಲ್ಲಿಯವರೆಗೆ ನಡೆದವರು ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು. ಮುಂದೆ ಹೋಗಲು ಶಕ್ತಿ ಇರುವವರು ಹೋಗಿಬರಬಹುದು. ಕೇಪ್ ಅರಾಗೊ ರಸ್ತೆ ಕಾಲುದಾರಿಗೆ ಸಮಾನಾಂತರವಾಗಿಯೇ ಸಾಗುವುದರಿಂದ, ಜೊತೆಗೆ ಕಾರೊಂದು ಇದ್ದರೆ ದಣಿದವರನ್ನು ಎಲ್ಲಿಂದಲಾದರೂ ಕರೆದೊಯ್ಯಬಹುದು. ಈ ಕರಾವಳಿಯ ಬೇರೆ ಯಾವ ಒಳ್ಳೆಯ ದಾರಿಯಲ್ಲೂ ಇಷ್ಟು ಸುಲಭವಾಗಿ ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ.

ತೋಟ ದಾಟಿ ದಕ್ಷಿಣಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲಿ ಗಾಳಿಯಲ್ಲಿ ಒಂದು ಗದ್ದಲ ಕೇಳಿಸುತ್ತದೆ. ಗೊಗ್ಗರು ದನಿಯ ಬೊಗಳಿಕೆ, ನಡುನಡುವೆ ಉದ್ದನೆಯ ನರಳಿಕೆ. ಇನ್ನಷ್ಟು ಹತ್ತಿರವಾದಾಗ ಮೀನಿನ ವಾಸನೆಯೂ ಬರುತ್ತದೆ. ಸಿಂಪ್ಸನ್ ರೀಫ್ ಎಂಬ ಬಂಡೆಸಾಲಿನ ಮೇಲೆ ಕಡಲಸಿಂಹಗಳೂ ಸೀಲ್‌ಗಳೂ ಒಂದರ ಮೈಮೇಲೆ ಒಂದು ಬಿದ್ದುಕೊಂಡಿರುತ್ತವೆ. ಕ್ಯಾಲಿಫೋರ್ನಿಯಾ ಕಡಲಸಿಂಹ, ಅದಕ್ಕಿಂತ ದೊಡ್ಡದಾದ, ತಿಳಿಬಣ್ಣದ ಸ್ಟೆಲ್ಲರ್ ಕಡಲಸಿಂಹ, ಚುಕ್ಕೆ ಮೈಯ ಹಾರ್ಬರ್ ಸೀಲ್, ಸೊಂಡಿಲಿನಂಥ ಮೂಗಿನ ಎಲಿಫೆಂಟ್ ಸೀಲ್ ಈ ನಾಲ್ಕೂ ಇಲ್ಲಿಗೆ ಬರುತ್ತವೆ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಕೇಪ್ ಅರಾಗೊದ ಉತ್ತರ ಕೊಲ್ಲಿಗೆ ಇಳಿಯುವ ದಾರಿಯನ್ನು ಮಾರ್ಚ್ 1ರಿಂದ ಜೂನ್ 30ರವರೆಗೆ ಸೀಲ್ ಮರಿಗಳ ರಕ್ಷಣೆಗಾಗಿ ಮುಚ್ಚುತ್ತಾರೆ. ಮೇಲಿನ ವೀಕ್ಷಣಾ ಸ್ಥಳ ಮಾತ್ರ ತೆರೆದಿರುತ್ತದೆ, ನೋಡಲು ಅದು ಸಾಕು.

ಹೋಗಿ ಬರಲು ಒಟ್ಟು ಎಂಟು ಮೈಲಿಗಿಂತ ತುಸು ಹೆಚ್ಚಾಗುತ್ತದೆ. ಏರಿಳಿತಗಳಿವೆ, ಆದರೆ ಉಸಿರುಗಟ್ಟಿಸುವಂಥ ಏರು ಯಾವುದೂ ಇಲ್ಲ.

ಕೇಪ್ ಲುಕ್‌ಔಟ್: ನಡೆಯಲೆಂದೇ ಬಂದವರಿಗೆ

ಟಿಲ್ಲಮುಕ್ ಪಟ್ಟಣದ ನೈರುತ್ಯಕ್ಕಿರುವ ಕೇಪ್ ಲುಕ್‌ಔಟ್, ಪೋರ್ಟ್‌ಲ್ಯಾಂಡ್ ಕಡೆಯವರಿಗೆ ಹತ್ತಿರದ್ದು. ನೆಲದಿಂದ ಬೆರಳಿನಂತೆ ಸಮುದ್ರದೊಳಕ್ಕೆ ಸುಮಾರು ಎರಡು ಮೈಲಿ ಚಾಚಿರುವ ಕಡಿದಾದ ಭೂಶಿರವಿದು. ತುದಿಯಲ್ಲಿ ನಿಂತಾಗ ಕಡಲು ನಾಲ್ಕುನೂರು ಅಡಿ ಕೆಳಗಿರುತ್ತದೆ, ಮೂರು ಕಡೆಯಲ್ಲೂ ನೀರು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಉತ್ತರದ ಅಲಾಸ್ಕಾ ಕಡೆಗೆ ಹೋಗುವ ಬೂದು ತಿಮಿಂಗಿಲಗಳು ಈ ಭೂಶಿರವನ್ನು ಬಳಸಿಕೊಂಡೇ ಹೋಗಬೇಕಾದ್ದರಿಂದ, ಮೋಡವಿಲ್ಲದ, ಗಾಳಿ ಕಡಿಮೆಯಿರುವ ದಿನ ಅವು ಬಿಡುವ ನೀರಿನ ತುಂತುರು ಬರಿಗಣ್ಣಿಗೇ ಕಾಣುತ್ತದೆ. ತಿಮಿಂಗಿಲ ನೋಡುವುದೇ ಉದ್ದೇಶವಾಗಿದ್ದರೆ ನಾನು ಸನ್‌ಸೆಟ್ ಬೇಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಬೆಟ್ಟದ ಮೇಲಿನ ರಸ್ತೆಯಲ್ಲಿರುವ ಪಾರ್ಕಿಂಗ್‌ನಿಂದ ತುದಿಗೆ ಎರಡೂವರೆ ಮೈಲಿಯಷ್ಟು ದೂರ. ಕಾರಿನವರು ಅಲ್ಲಿಂದ ಆರಂಭಿಸುತ್ತಾರೆ. ಆರ್‌ವಿಯಲ್ಲಿ ಬಂದವರು ಆ ಪಾರ್ಕಿಂಗ್‌ಗೆ ಹೋಗುವ ಗೋಜಿಗೆ ಹೋಗಬಾರದು. ಕೆಳಗೆ ಕಡಲ ಮಟ್ಟದಲ್ಲಿ ರಾಜ್ಯ ಉದ್ಯಾನದ ವಿಶಾಲವಾದ ಕ್ಯಾಂಪ್‌ಗ್ರೌಂಡ್ ಇದೆ, ಪೂರ್ಣ ಹುಕಪ್ (ಕೊಳಚೆ ನೀರಿನ ಸಂಪರ್ಕವೂ ಸೇರಿ) ಇರುವ ಸೈಟುಗಳಿವೆ, ಅಲ್ಲಿಂದ ಮೇಲಿನ ಪಾರ್ಕಿಂಗ್‌ವರೆಗೆ ಎರಡು ಮೈಲಿಗಿಂತ ತುಸು ಹೆಚ್ಚು ಉದ್ದದ ಕಾಡುದಾರಿಯೂ ಇದೆ. ಇದರಿಂದ ಚಾರಣ ಹೆಚ್ಚುಕಡಿಮೆ ಇಮ್ಮಡಿಯಾಗಿ ಒಟ್ಟು ಸುಮಾರು ಒಂಬತ್ತೂವರೆ ಮೈಲಿ, ಅಂದರೆ ಹದಿನೈದು ಕಿಲೋಮೀಟರ್ ಆಗುತ್ತದೆ. ಆದರೆ ಹೆಚ್ಚಿನವರು ನೋಡದೆ ಬಿಡುವ ಕಾಡಿನ ಭಾಗವೂ ಸಿಗುತ್ತದೆ. ಹೊರಡುವ ಮುನ್ನ ಒಂದು ವಿಷಯವನ್ನು ತಂಡದ ಎಲ್ಲರಿಗೂ ತಿಳಿಸಬೇಕು: ಮೇಲಿನ ಪಾರ್ಕಿಂಗ್‌ನಿಂದ ತುದಿಯ ಕಡೆಗಿನ ದಾರಿ ಒಟ್ಟಿನಲ್ಲಿ ಇಳಿಜಾರು, ಹಾಗಾಗಿ ದಣಿದು ಮರಳುವಾಗ ಏರು ಎದುರಾಗುತ್ತದೆ. ಹೋಗುವಾಗಿನ ಉತ್ಸಾಹವನ್ನು ನಂಬಿ ನೀರು ಕಡಿಮೆ ಒಯ್ದವರಿಗೆ ಈ ಏರು ಕಷ್ಟವಾಗುತ್ತದೆ.

ದಾರಿ ಬಹುಪಾಲು ಸಿಟ್ಕಾ ಸ್ಪ್ರೂಸ್ ಮತ್ತು ಹೆಮ್‌ಲಾಕ್ ಮರಗಳ ಕಾಡಿನೊಳಗೆ ಸಾಗುತ್ತದೆ. ನೆಲಕ್ಕೆ ಬಿದ್ದ ಹಳೆಯ ಮರಗಳ ಮೇಲೆಯೇ ಹೊಸ ಸಸಿಗಳು ಬೇರುಬಿಟ್ಟು, ಕೆಳಗಿನ ದಿಮ್ಮಿ ಕೊಳೆತುಹೋದ ಮೇಲೆ ಬೇರುಗಳು ಕಂಬಗಳಂತೆ ಗಾಳಿಯಲ್ಲಿ ನಿಂತಿರುತ್ತವೆ. ಜರೀಗಿಡಗಳು ಸೊಂಟದೆತ್ತರ ಬೆಳೆದಿರುತ್ತವೆ. ಮಳೆ ಧಾರಾಳವಾಗಿ ಬೀಳುವ ಜಾಗವಾದ್ದರಿಂದ ಬೇಸಿಗೆಯಲ್ಲೂ ಕೆಲವು ತಿರುವುಗಳಲ್ಲಿ ಕೆಸರು ಒಣಗಿರುವುದಿಲ್ಲ, ಮರದ ಬೇರುಗಳು ಅಡ್ಡಾದಿಡ್ಡಿ ಹಾದುಹೋಗಿ ಒದ್ದೆಯಾದಾಗ ಜಾರುತ್ತವೆ. ಓಟದ ಶೂ ಇಲ್ಲಿ ಸಾಲದು, ಹಿಡಿತವಿರುವ ಅಟ್ಟೆಯ ಚಾರಣದ ಶೂಗಳೇ ಬೇಕು. ಮೊಣಕಾಲು ನೋವಿರುವವರಿಗೆ ಊರುಗೋಲು ಬೇಕು. ದಾರಿಯ ಆರಂಭದ ಭಾಗದಲ್ಲಿ ಒಂದು ಲೋಹದ ಫಲಕ ಸಿಗುತ್ತದೆ: 1943ರ ಆಗಸ್ಟ್ 2ರಂದು ಮಂಜಿನಲ್ಲಿ ದಿಕ್ಕು ಕಾಣದೆ ಬಿ-17 ಬಾಂಬರ್ ವಿಮಾನವೊಂದು ಈ ಭೂಶಿರಕ್ಕೆ ಅಪ್ಪಳಿಸಿ, ಅದರಲ್ಲಿದ್ದ ಹತ್ತು ಮಂದಿಯಲ್ಲಿ ಒಬ್ಬ ಮಾತ್ರ ಬದುಕುಳಿದ. ಕಡಲ ಮಂಜು ಇಲ್ಲಿ ಎಷ್ಟು ದಟ್ಟವಾಗಬಲ್ಲದೆಂದು ತಿಳಿಯಲು ಆ ಫಲಕದ ಬಳಿ ಒಂದು ನಿಮಿಷ ನಿಂತರೆ ಸಾಕು. ಅಂಥ ಮಂಜಿನ ದಿನ ತುದಿಗೆ ಹೋಗಿಯೂ ಕಡಲು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಜುಲೈ, ಆಗಸ್ಟ್ ತಿಂಗಳ ಬೆಳಗುಗಳಲ್ಲಿ ಇದು ಅಪರೂಪವಲ್ಲ. ಸೆಪ್ಟೆಂಬರ್ ಈ ದಾರಿಗೆ ಬೇಸಿಗೆಗಿಂತ ಒಳ್ಳೆಯ ತಿಂಗಳು.

ಏಳೆಂಟು ವರ್ಷದೊಳಗಿನ ಮಕ್ಕಳನ್ನು ಕ್ಯಾಂಪ್‌ಗ್ರೌಂಡಿನಿಂದ ತುದಿಯವರೆಗೆ ಕರೆದೊಯ್ಯುವುದು ಸೂಕ್ತವಲ್ಲ. ತುದಿಯ ಬಳಿ ಹಲವು ಕಡೆ ದಾರಿಯ ಅಂಚಿನಾಚೆ ನೇರ ಪ್ರಪಾತವಿದೆ, ಎಲ್ಲ ಕಡೆಯೂ ಬೇಲಿಯಿಲ್ಲ.

ಕೇಪ್ ಪರ್ಪೆಚುವಾ: ತುಂಡು ತುಂಡಾಗಿ ನಡೆಯುವವರಿಗೆ

1778ರ ಮಾರ್ಚ್ 7ರಂದು ಇದನ್ನು ಕಂಡ ಕ್ಯಾಪ್ಟನ್ ಜೇಮ್ಸ್ ಕುಕ್, ಆ ದಿನ ಸಂತ ಪರ್ಪೆಚುವಾಳ ದಿನವಾಗಿದ್ದರಿಂದ ಅವಳ ಹೆಸರನ್ನಿಟ್ಟನೆಂದು ಹೇಳುತ್ತಾರೆ. ಯಾಹಾಟ್ಸ್ ಊರಿನ ದಕ್ಷಿಣಕ್ಕೆ ಮೂರು ಮೈಲಿಯಲ್ಲಿ, ಕಡಲಿನಿಂದ ಎಂಟುನೂರು ಅಡಿಗೂ ಎತ್ತರಕ್ಕೆ ಎದ್ದಿರುವ ಈ ಭೂಶಿರ ಅಮೆರಿಕದ ಕೇಂದ್ರ ಅರಣ್ಯ ಇಲಾಖೆಯ ಆಡಳಿತದಲ್ಲಿದೆ. ರಾಜ್ಯ ಉದ್ಯಾನಗಳ ಪಾಸು ಇಲ್ಲಿ ಬೇರೆ ಲೆಕ್ಕ, ಆದರೆ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಇದ್ದರೆ ಪಾರ್ಕಿಂಗ್‌ಗೆ ಸಲ್ಲುತ್ತದೆ. ಇಲ್ಲಿ ಉದ್ದನೆಯ ಒಂದೇ ದಾರಿಯಿಲ್ಲ. ಸಂದರ್ಶಕರ ಕೇಂದ್ರದಿಂದ ಬೇರೆ ಬೇರೆ ದಿಕ್ಕಿಗೆ ಚಿಕ್ಕ ದಾರಿಗಳು ಹೊರಡುತ್ತವೆ. ಒಂದು ಮೈಲಿ ನಡೆದರೆ ನೂರೆಂಬತ್ತು ಅಡಿಗೂ ಎತ್ತರದ, ಐದು ಶತಮಾನಕ್ಕೂ ಹೆಚ್ಚು ವಯಸ್ಸಾದ ಸಿಟ್ಕಾ ಸ್ಪ್ರೂಸ್ ಮರದ ಬುಡ ಸಿಗುತ್ತದೆ. ಬೆಟ್ಟದ ನೆತ್ತಿಗೆ ಸುತ್ತು ಸುತ್ತಾಗಿ ಹತ್ತುವ ಇನ್ನೊಂದು ದಾರಿಯ ಕೊನೆಯಲ್ಲಿ 1933ರ ಕಾಲದ ಸರ್ಕಾರಿ ಉದ್ಯೋಗ ಯೋಜನೆಯ ಯುವಕರು ಕಟ್ಟಿದ ಕಲ್ಲಿನ ಮಂಟಪವಿದೆ. ಹೆದ್ದಾರಿಯ ಅಡಿಯಿಂದ ಹಾದು ಕಡಲಿಗಿಳಿಯುವ ಮೂರನೆಯ ದಾರಿ, ಕಪ್ಪು ಲಾವಾ ಬಂಡೆಗಳ ನಡುವಿನ ಥಾರ್ಸ್ ವೆಲ್ ಎಂಬ ರಂಧ್ರದ ಕಡೆಗೆ ಒಯ್ಯುತ್ತದೆ. ಉಬ್ಬರದ ಹೊತ್ತಿನಲ್ಲಿ ನೀರು ಈ ಬಾವಿಯಿಂದ ಮೇಲಕ್ಕೆ ಚಿಮ್ಮಿ ಮತ್ತೆ ಒಳಕ್ಕೆ ಇಂಗಿಹೋಗುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಚಿತ್ರ ತೆಗೆಯುವ ಆಸೆಯಿಂದ ಅದರ ಬಾಯಿಯ ಹತ್ತಿರ ಹೋಗುವುದು ಪ್ರಾಣಾಪಾಯದ ಕೆಲಸ. ದೂರದಿಂದ, ಎತ್ತರದಲ್ಲಿ ನಿಂತು ನೋಡಿದರೂ ಬೆರಗಿಗೆ ಕೊರತೆಯಾಗುವುದಿಲ್ಲ.

ಕೇಪ್ ಕ್ರೀಕ್ ಹಳ್ಳದ ಬದಿಯಲ್ಲಿ ಕ್ಯಾಂಪ್‌ಗ್ರೌಂಡ್ ಇದೆ, ಈ ದಾರಿಗಳಿಗೆಲ್ಲ ಅಲ್ಲಿಂದಲೇ ನಡೆದು ಹೋಗಬಹುದು. ಆದರೆ ಅಲ್ಲಿ ಹುಕಪ್ ಇಲ್ಲ, ಉದ್ದ ಗಾಡಿಗಳಿಗೆ ಇಕ್ಕಟ್ಟು. ಕ್ಯಾಂಪರ್ ವ್ಯಾನ್ ಅಥವಾ ಚಿಕ್ಕ ಟ್ರೇಲರ್ ಇರುವವರಿಗೆ ಅದು ಬಹಳ ಚೆಂದದ ತಾಣ. ದೊಡ್ಡ ಗಾಡಿಯವರು ಉತ್ತರಕ್ಕಿರುವ ಬೀಚ್‌ಸೈಡ್ ಉದ್ಯಾನದಲ್ಲಿ ವಿದ್ಯುತ್ ಇರುವ ಸೈಟು ಪಡೆದು ಬೆಳಿಗ್ಗೆ ಬೇಗ ಸಂದರ್ಶಕರ ಕೇಂದ್ರಕ್ಕೆ ಬರಬೇಕಾಗುತ್ತದೆ. ಹಾಗೆ ಮಾಡಿದ ಕೂಡಲೇ ಗಾಡಿ ನಿಲ್ಲಿಸುವ ಚಿಂತೆ ಮತ್ತೆ ಬೆನ್ನಿಗೆ ಬೀಳುತ್ತದೆ. ಇಷ್ಟಾದರೂ, ಸತತವಾಗಿ ಎರಡು ಗಂಟೆಗಿಂತ ಹೆಚ್ಚು ನಡೆಯಲಾಗದವರಿಗೆ, ಮಧ್ಯಾಹ್ನ ಗಾಡಿಗೆ ಮರಳಿ ಬಿಸಿ ಅನ್ನ ಸಾರು ಉಂಡು ಸ್ವಲ್ಪ ಒರಗಿ ಮತ್ತೆ ಹೊರಡುವ ಅಭ್ಯಾಸದವರಿಗೆ ಪರ್ಪೆಚುವಾದಷ್ಟು ಹೊಂದುವ ಜಾಗ ಇನ್ನೊಂದಿಲ್ಲ.

ಚೆಲುವಾದರೂ ಹಿಂದೆ ಸರಿಯುವ ಎರಡು

ಉತ್ತರದ ಕೇಪ್ ಫಾಲ್ಕನ್ ದಾರಿ ಹೋಗಿಬರಲು ಐದು ಮೈಲಿಯಷ್ಟಿದ್ದು, ಹಳೆಯ ಕಾಡಿನ ಮೂಲಕ ಶಾರ್ಟ್ ಸ್ಯಾಂಡ್ ಬೀಚ್ ಇರುವ ಕೊಲ್ಲಿಯ ಮೇಲೆ ಸಾಗುತ್ತದೆ. ಅದಿರುವ ಉದ್ಯಾನಕ್ಕೆ ಹೆಸರು ಬಂದಿದ್ದು ಗವರ್ನರ್ ಆಸ್ವಾಲ್ಡ್ ವೆಸ್ಟ್ ಅವರಿಂದ. 1913ರಲ್ಲಿ ಕಡಲತೀರದಲ್ಲಿ ಉಬ್ಬರದ ನೀರು ತಲುಪುವ ಒದ್ದೆಮರಳನ್ನೆಲ್ಲ ಸಾರ್ವಜನಿಕ ಹೆದ್ದಾರಿಯೆಂದು ಘೋಷಿಸುವ ಕಾನೂನು ತಂದು, ಅದು ಖಾಸಗಿಯವರ ಪಾಲಾಗದಂತೆ ಅವರು ತಡೆದರು. 1967ರಲ್ಲಿ ಗವರ್ನರ್ ಟಾಮ್ ಮೆಕಾಲ್ ಕಾಲದ ಕಾಯ್ದೆ ಆ ಹಕ್ಕನ್ನು ಒಣಮರಳಿನ ಮೇಲೂ ಭದ್ರಪಡಿಸಿತು. ಒರೆಗಾನ್‌ನಲ್ಲಿ ಯಾವ ಬೀಚಿನಲ್ಲಾದರೂ ಯಾರ ಅಪ್ಪಣೆಯೂ ಇಲ್ಲದೆ ನಡೆಯಬಹುದಾಗಿರುವುದು ಅವರಿಬ್ಬರ ಕಾಲದ ಈ ನಿರ್ಧಾರಗಳ ಫಲ. ಅಂಥವರ ಹೆಸರಿನ ಉದ್ಯಾನದಲ್ಲಿ ನಡೆಯಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಈಗ ಕ್ಯಾಂಪ್‌ಗ್ರೌಂಡ್ ಇಲ್ಲ, ಹೆದ್ದಾರಿ ಬದಿಯ ಪಾರ್ಕಿಂಗ್ ಸರ್ಫಿಂಗ್‌ಗೆ ಬರುವವರ ಕಾರುಗಳಿಂದ ತುಂಬಿರುತ್ತದೆ. ಆರ್‌ವಿಯನ್ನು ನೆಹೇಲಮ್ ಬೇ ಉದ್ಯಾನದಲ್ಲಿ ನಿಲ್ಲಿಸಿ, ಬೇರೊಂದು ಕಾರಿನಲ್ಲಿ ವಾರದ ದಿನ ಬರುವವರಿಗೆ ಮಾತ್ರ ಇದು ಸರಿ.

ದಕ್ಷಿಣದ ಸ್ಯಾಮ್ಯುಯಲ್ ಬೋರ್ಡ್‌ಮನ್ ಕಾರಿಡಾರ್ ಬಗ್ಗೆ ಹೀಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಬರೀ ಚೆಲುವಿನ ಮಾತಾದರೆ ಅದೇ ಮೊದಲ ಸ್ಥಾನದಲ್ಲಿರಬೇಕು. ಬ್ರೂಕಿಂಗ್ಸ್ ಊರಿನ ಉತ್ತರಕ್ಕೆ ಹೆದ್ದಾರಿಯುದ್ದಕ್ಕೂ 12 ಮೈಲಿ ಹಬ್ಬಿರುವ ಈ ಪಟ್ಟಿಯಲ್ಲಿ ಕಮಾನುಬಂಡೆಗಳು, ಕಡಲಿನಿಂದ ಎದ್ದ ಕಲ್ಲುಕಂಬಗಳು, ಬಂಡೆಗೋಡೆಯ ನೆತ್ತಿಯ ಮೇಲೆ ಹರಡಿದ ಮರಳುದಿಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ನ್ಯಾಚುರಲ್ ಬ್ರಿಡ್ಜಸ್ ಬಳಿ ಅಲೆಗಳು ಕೊರೆದು ಮಾಡಿದ ಸೇತುವೆಗಳ ಮೇಲೆ ಮರಗಳು ಬೆಳೆದಿವೆ, ಕೆಳಗೆ ಹಸಿರುನೀಲಿ ನೀರು ಒಳಗೆ ಹೊರಗೆ ಆಡುತ್ತಿರುತ್ತದೆ. ಒರೆಗಾನ್‌ನ ಅತಿ ಎತ್ತರದ ಸೇತುವೆ, 345 ಅಡಿಯ ಥಾಮಸ್ ಕ್ರೀಕ್ ಸೇತುವೆ, ಇದೇ ಪಟ್ಟಿಯಲ್ಲಿದೆ. ಒರೆಗಾನ್ ಕೋಸ್ಟ್ ಟ್ರೇಲ್ ಎಂಬ ಉದ್ದನೆಯ ಕಾಲುದಾರಿ ಈ ತಾಣಗಳನ್ನೆಲ್ಲ ಪೋಣಿಸಿಕೊಂಡು ಹೋಗುತ್ತದೆ. ತೊಡಕು ಇರುವುದು ಎರಡು ಕಡೆ. ಕಾರಿಡಾರ್‌ನ ಒಳಗೆ ಕ್ಯಾಂಪ್‌ಗ್ರೌಂಡ್ ಇಲ್ಲ, ನಿಲುಗಡೆಗಳು ಚಿಕ್ಕವು. ವೇಲ್ಸ್‌ಹೆಡ್ ಬೀಚಿಗೆ ಇಳಿಯುವ ರಸ್ತೆಯಂಥ ಕಡಿದಾದ ಒಳರಸ್ತೆಗಳಿಗೆ ದೊಡ್ಡ ಗಾಡಿಯನ್ನು ಇಳಿಸಲೇಬಾರದು. ಜೊತೆಗೆ ದಾರಿ ಒಂದೇ ನೇರಕ್ಕೆ ಸಾಗುವುದರಿಂದ, ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ಹತ್ತಲು ಎರಡನೆಯ ವಾಹನ ಬೇಕು.

ಹಾಗಾಗಿ ಬೋರ್ಡ್‌ಮನ್‌ಗೆ ಒಂದು ಷರತ್ತಿನ ಮೇಲೆ ನನ್ನ ಒಪ್ಪಿಗೆಯಿದೆ. ಟ್ರೇಲರ್‌ನವರು ತಮ್ಮ ಟ್ರೇಲರನ್ನು ಬ್ರೂಕಿಂಗ್ಸ್‌ನ ಹ್ಯಾರಿಸ್ ಬೀಚ್ ಉದ್ಯಾನದಲ್ಲಿ ಕಳಚಿಟ್ಟು ಎಳೆದು ತಂದ ವಾಹನದಲ್ಲಿ ಬರಬಹುದು. ಮೋಟರ್‌ಹೋಮ್‌ನ (ತಾನೇ ಓಡುವ ಆರ್‌ವಿಯ) ಹಿಂದೆ ಕಾರು ಕಟ್ಟಿಕೊಂಡು ಬಂದವರಿಗೂ ಅದೇ ಅನುಕೂಲ. ಎರಡು ಕುಟುಂಬಗಳು ಒಟ್ಟಾಗಿ ಹೊರಟು, ಒಬ್ಬರು ಆರ್‌ವಿಯಲ್ಲಿ, ಇನ್ನೊಬ್ಬರು ಕಾರಿನಲ್ಲಿ ಬಂದಿದ್ದರಂತೂ ಬೇರೆ ಯಾವ ದಾರಿಯನ್ನೂ ಯೋಚಿಸದೆ ಇದನ್ನೇ ಆರಿಸಿರಿ. ಬೇ ಏರಿಯಾ ಕಡೆಯಿಂದ ಬರುವವರಿಗೆ ಒರೆಗಾನ್ ಗಡಿ ದಾಟಿದೊಡನೆ ಸಿಗುವ ಊರು ಬ್ರೂಕಿಂಗ್ಸ್. ಕರಾವಳಿಯ ಉಳಿದ ಭಾಗಕ್ಕಿಂತ ಅಲ್ಲಿ ಹವೆ ಬೆಚ್ಚಗಿರುತ್ತದೆ. ಈ ದಕ್ಷಿಣ ಭಾಗದಲ್ಲಿ ಪಾಯ್ಸನ್ ಓಕ್ ಎಂಬ, ಮೂರು ಮೂರು ಎಲೆಗಳ ತುರಿಕೆಯ ಗಿಡ ದಾರಿಯ ಬದಿಯಲ್ಲಿ ಬೆಳೆಯುವುದರಿಂದ ಉದ್ದ ಪ್ಯಾಂಟು ತೊಡುವುದು ಕ್ಷೇಮ.

ಕಡಲಿನ ಬಗ್ಗೆ ತಿಳಿದಿರಬೇಕಾದದ್ದು

ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಬೀಚಿಗೆ ಗುಡ್ಡ ಹತ್ತಿಳಿದು ನಡೆದು, ಕೊನೆಗೆ ನೀರಿಗಿಳಿದು ದಣಿವಾರಿಸಿಕೊಂಡವರಿಗೆ ಇಲ್ಲಿ ಬಂದಾಗಲೂ ಹಾಗೇ ಮಾಡಬೇಕೆನಿಸುವುದು ಸಹಜ. ಒರೆಗಾನ್‌ನ ಕಡಲು ಆ ಕಡಲಲ್ಲ. ಬೇಸಿಗೆಯಲ್ಲೂ ನೀರಿನ ಉಷ್ಣಾಂಶ 10ರಿಂದ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಬಿದ್ದವರ ಕೈಕಾಲು ನಿಮಿಷಗಳಲ್ಲಿ ಸೆಟೆದುಕೊಳ್ಳುತ್ತವೆ. ಸಾಧಾರಣ ಅಲೆಗಳ ನಡುವೆ ಮುನ್ಸೂಚನೆಯಿಲ್ಲದೆ ಒಂದು ದೊಡ್ಡ ಅಲೆ ಬೀಚಿನ ಮೇಲೆ ಬಹುದೂರ ನುಗ್ಗಿ ಬರುವುದುಂಟು. ದಂಡೆಯಲ್ಲಿ ಬಿದ್ದಿರುವ ದೊಡ್ಡ ಮರದ ದಿಮ್ಮಿಗಳು ಒಂದಡಿ ನೀರಿನಲ್ಲೂ ಉರುಳಿ ಮನುಷ್ಯರನ್ನು ಅಡಿಗೆ ಹಾಕಬಲ್ಲವು. ದಿಮ್ಮಿಗಳ ಮೇಲೆ ಮಕ್ಕಳು ಕುಣಿಯದಂತೆ ನೋಡಿಕೊಳ್ಳಬೇಕು, ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಬೀಚಿನ ಮೇಲೆ ಒಂದು ಬಂಡೆಮೂಗನ್ನು ಸುತ್ತಿ ಹೋಗುವ ಮುನ್ನ ಆ ದಿನದ ಉಬ್ಬರವಿಳಿತದ ವೇಳಾಪಟ್ಟಿ ನೋಡಿರಬೇಕು, ಇಲ್ಲವಾದರೆ ಮರಳುವ ದಾರಿ ನೀರಿನಡಿಯಾಗುತ್ತದೆ.

ಕ್ಯಾಂಪ್‌ಗ್ರೌಂಡ್‌ಗಳು ಕಡಲ ಮಟ್ಟದಲ್ಲಿರುವುದರಿಂದ ಇನ್ನೊಂದು ಮಾತನ್ನೂ ಗಮನಿಸಬೇಕು. 1700ರ ಜನವರಿ 26ರಂದು ಈ ಕರಾವಳಿಯ ಆಚೆ ಕಡಲ ತಳದಲ್ಲಿ ಭಾರೀ ಭೂಕಂಪವಾಗಿ ಸುನಾಮಿ ಎದ್ದಿತ್ತು, ಅಂಥದ್ದು ಮತ್ತೆ ಆಗಬಹುದೆಂಬ ಎಚ್ಚರದಿಂದ ಊರೂರಿನಲ್ಲಿ ನೀಲಿ ಬಣ್ಣದ ದಾರಿಫಲಕಗಳನ್ನು ಹಾಕಿದ್ದಾರೆ. ಸೈಟಿಗೆ ಬಂದ ಸಂಜೆಯೇ ಎತ್ತರದ ಜಾಗಕ್ಕೆ ಹೋಗುವ ಕಾಲುದಾರಿ ಯಾವುದೆಂದು ನೋಡಿಟ್ಟುಕೊಳ್ಳಿರಿ. ನೆಲ ಜೋರಾಗಿ ಅಥವಾ ತುಂಬ ಹೊತ್ತು ನಡುಗಿದರೆ ಆರ್‌ವಿಯನ್ನು ಹೊರಡಿಸಲು ಯತ್ನಿಸದೆ ನಡೆದೇ ಮೇಲಕ್ಕೆ ಹೋಗಬೇಕು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ವಾಯವ್ಯದ ಗಾಳಿ ಜೋರಾಗುತ್ತದೆ. ಬೆಳಗಿನ ಮಂಜಿಗೂ ಮಧ್ಯಾಹ್ನದ ಗಾಳಿಗೂ ನಡುವಿನ ಕೆಲವು ಗಂಟೆಗಳೇ ಭೂಶಿರದ ತುದಿಯಲ್ಲಿರಲು ಒಳ್ಳೆಯ ಹೊತ್ತು, ಅದಕ್ಕೆ ತಕ್ಕಂತೆ ಹೊರಡಬೇಕು. ಗಾಳಿ ತಡೆಯುವ ಜಾಕೆಟ್ ಆಗಸ್ಟ್‌ನಲ್ಲೂ ಚೀಲದಲ್ಲಿರಲಿ. ಚಪಾತಿ ಮತ್ತು ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಯಂಥ, ತಣ್ಣಗಾದರೂ ರುಚಿ ಕೆಡದ ತಿಂಡಿ ಗಾಳಿಯಲ್ಲಿ ತಿನ್ನಲು ಅನುಕೂಲ. ಮೊಸರನ್ನವನ್ನು ಗಾಡಿಯ ಫ್ರಿಜ್‌ನಲ್ಲಿಯೇ ಬಿಡಬಹುದು, ಮರಳಿದ ಮೇಲೆ ಅದಕ್ಕೆ ಹೆಚ್ಚು ಬೆಲೆ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು, ಗಾಡಿಯಲ್ಲಿ ಉಳಿಯುವವರಿಗೆ ಮರಳುವ ಹೊತ್ತನ್ನು ಹೇಳಿ ಹೋಗಬೇಕು. ಚಳಿಗಾಲದ ಬಿರುಗಾಳಿಗಳು ಮರಗಳನ್ನು ಉರುಳಿಸಿ, ದಾರಿಯ ಅಂಚನ್ನು ಕುಸಿಯುವಂತೆ ಮಾಡಿ ಹೋಗುವುದರಿಂದ, ಕಳೆದ ವರ್ಷ ತೆರೆದಿದ್ದ ದಾರಿಯಾಗಲಿ ಕ್ಯಾಂಪ್‌ಗ್ರೌಂಡಾಗಲಿ ಈ ವರ್ಷ ದುರಸ್ತಿಗೆಂದು ಮುಚ್ಚಿರಬಹುದು. ಸೈಟನ್ನು ಕಾದಿರಿಸುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ಉದ್ಯಾನದ ಅಧಿಕೃತ ಪ್ರಕಟಣೆಯನ್ನು ನೋಡಿರಿ. ಸನ್‌ಸೆಟ್ ಬೇ ಸಿಗದಿದ್ದರೆ ಕೇಪ್ ಲುಕ್‌ಔಟ್, ಅದೂ ಸಿಗದಿದ್ದರೆ ವಾರದ ನಡುವಿನ ಎರಡು ರಾತ್ರಿಗೆ ಮತ್ತೆ ಸನ್‌ಸೆಟ್ ಬೇ, ಈ ಕ್ರಮದಲ್ಲಿ ಹುಡುಕುವುದು ಒಳ್ಳೆಯದು.